ಫಿಲ್ಮ್ ಬಿಟ್ಟು ಡಿಜಿಟಲ್‌ಗೆ ಬಂದವರು ದಯವಿಟ್ಟು ನಿಮ್ಮ ಅನುಭವ ಹೇಳಿ

ಕೇಳಿದವರು, ಶಿಡ್ಲಘಟ್ಟದಿಂದ:

ಎಲ್ಲರಿಗೂ ನಮಸ್ಕಾರ. ರೇಷ್ಮೆ ನಮ್ಮ ಮನೆಯ ಕಸುಬು. ಫೋಟೋ ನನ್ನೊಬ್ಬನ ಆಸೆ. 1998ರಲ್ಲಿ ಗೂಡಿಗೆ ಒಳ್ಳೆ ರೇಟು ಸಿಕ್ಕಾಗ ಆ ಬೆಳೆಯ ದುಡ್ಡಿನಲ್ಲಿ ನಿಕಾನ್ ಎಫ್‌ಎಂ10 ತಗೊಂಡೆ. ಅದರ ಜೊತೆ ಬಂದ 35-70 ಲೆನ್ಸೇ ಇವತ್ತಿಗೂ ನನ್ನ ಆಸ್ತಿ. ಊರಿನ ಸ್ಟುಡಿಯೋದಲ್ಲಿ ರೋಲ್ ತೊಳೆಯುವುದು ನಿಂತು ಬಹಳ ವರ್ಷ ಆಯ್ತು. ಬೆಂಗಳೂರಿಗೆ ಕಳಿಸಿ ಕಾಯುತ್ತಿದ್ದೆ. ನನ್ನ ಪಾಡು ನೋಡಿ ಮಗಳು ನಿಕಾನ್ ಜೆಡ್ 50 ಕೊಡಿಸಿದ್ದಾಳೆ.

ಹೋದ ವಾರ ಹುಳು ಹಣ್ಣಾಗಿ, ಗೂಡು ಕಟ್ಟಲು ಚಂದ್ರಂಕಿಗೆ (ಬಿದಿರಿನ ತಟ್ಟೆಗೆ) ಬಿಟ್ಟಿದ್ದೆವು. ಗೂಡು ಕಟ್ಟಿದ ಮೇಲೆ ಫೋಟೋ ತೆಗೆದೆ. ಹುಳು ಮನೆ ಕತ್ತಲೆ, ಬಾಗಿಲಿಂದ ಬರುವಷ್ಟೇ ಬೆಳಕು. ನೋಡಿದರೆ ಗೂಡೆಲ್ಲಾ ಸುಣ್ಣದ ಉಂಡೆ ಇಟ್ಟ ಹಾಗೆ ಬಂದಿವೆ. ಒಂದು ಎಳೆಯೂ ಕಾಣುವುದಿಲ್ಲ. ಬೆಳಕು ಸ್ವಲ್ಪ ಧಾರಾಳವಾಗಿ ಕೊಡುವುದು ನನ್ನ ಹಳೇ ಅಭ್ಯಾಸ. ಇದೇ ಜಾಗದಲ್ಲಿ ಫಿಲ್ಮಿನಲ್ಲಿ ತೆಗೆದಾಗ ಹೀಗೆ ಆಗಿರಲಿಲ್ಲ. ಇನ್ನೊಂದು, ಒಂದೇ ದಿನಕ್ಕೆ 400 ಫೋಟೋ ಆಗಿವೆ. ಇಷ್ಟವಾದದ್ದು ಯಾವುದು ಅಂತ ಕೇಳಿದರೆ ತೋರಿಸಲು ಒಂದೂ ಇಲ್ಲ. ಹಳೇ ಲೆನ್ಸು ಇದಕ್ಕೆ ಕೂರುತ್ತಾ? ಮೆನುವಿನಲ್ಲಿ ನೂರೆಂಟು ಇದೆ, ಮೊದಲು ಏನು ಕಲಿಯಲಿ? ದಾಟಿ ಬಂದವರು ಹೇಳಿ.

ತುಮಕೂರಿನಿಂದ:

ಸಾರ್, ನಿಮ್ಮ ಗೂಡಿನ ವಿಷಯ ಓದಿ ನನಗೊಂದು ಮದುವೆ ನೆನಪಾಯ್ತು. ನಾನು 1989ರಿಂದ ಮದುವೆ ಫೋಟೋ ತೆಗೆಯುತ್ತಿದ್ದೇನೆ. 2006ರಲ್ಲಿ 6 ಮೆಗಾಪಿಕ್ಸೆಲ್ಲಿನ ಡಿಜಿಟಲ್ ಕ್ಯಾಮೆರಾ ಹಿಡಿದು ಮೊದಲ ಸಲ ಹೋದೆ. ಗುಬ್ಬಿ ಕಡೆ ತೋಟದ ಮನೆ, ಮುಂದೆ ಚಪ್ಪರ. ಗರಿಯ ಸಂದಿಯಿಂದ ಹತ್ತು ಗಂಟೆಯ ಬಿಸಿಲು ಮದುಮಗನ ಪಂಚೆ ಮೇಲೆ ಬೀಳುತ್ತಿತ್ತು. ಮುಖ ಚೆನ್ನಾಗಿ ಬರಲಿ ಅಂತ ಫಿಲ್ಮಿಗೆ ಕೊಡುವ ಹಾಗೇ ಒಂದು ಸ್ಟಾಪ್ ಜಾಸ್ತಿ, ಅಂದರೆ ಎರಡು ಪಟ್ಟು ಬೆಳಕು ಕೊಟ್ಟೆ. ಮನೆಗೆ ಬಂದು ಕಂಪ್ಯೂಟರಿಗೆ ಹಾಕಿದರೆ ಪಂಚೆಯಲ್ಲಿ ನೆರಿಗೆಯೇ ಇಲ್ಲ. ಬಿಸಿಲು ಬಿದ್ದ ಕಡೆ ಜರಿ ಅಂಚು ಕೂಡ ಅಳಿಸಿ ಹೋಗಿತ್ತು. ಧಾರೆ ಎರೆಯುವಾಗಿನ ಫೋಟೋ ಅದು. ಇನ್ನೊಂದು ಸಲ ತೆಗೆಯಲು ಬರುತ್ತಾ? ಹುಡುಗನ ತಾಯಿ ಆಲ್ಬಮ್ ತಿರುವಿ ಹಾಕುತ್ತಾ ಆ ಜಾಗವನ್ನು ಬೆರಳಿಂದ ಸವರಿ, "ಇಲ್ಲಿ ಅಂಚು ಇತ್ತಲ್ಲಪ್ಪಾ" ಅಂದರು. ಆ ಮಾತು ಇನ್ನೂ ಕಿವಿಯಲ್ಲಿದೆ.

ಅವತ್ತು ನನಗೆ ಗೊತ್ತಾಗಿದ್ದು ಇಷ್ಟು. ನೆಗೆಟಿವ್ ನಮ್ಮ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತಿತ್ತು. ಕಲರ್ ನೆಗೆಟಿವ್‌ಗೆ ಒಂದೆರಡು ಸ್ಟಾಪ್ ಬೆಳಕು ಜಾಸ್ತಿ ಆದರೂ ಪ್ರಿಂಟ್ ಹಾಕುವವರು ಸರಿ ಮಾಡಿ ಕೊಡುತ್ತಿದ್ದರು. ಬೆಳಕು ಕಡಿಮೆ ಆದರೆ ಮಾತ್ರ ಮಬ್ಬು, ಕಾಳು ಕಾಳು. ಅದಕ್ಕೇ ನಾವೆಲ್ಲ ಧಾರಾಳವಾಗಿ ಕೊಡಲು ಕಲಿತೆವು. ಐಎಸ್ಒ (ಬೆಳಕಿಗೆ ಎಷ್ಟು ಚುರುಕು ಅನ್ನುವ ಅಳತೆ) 400ರ ರೋಲ್ ಹಾಕಿ, ಬೆಳಕು ಅಳೆಯುವ ಮೀಟರನ್ನು 320ಕ್ಕೆ ಇಟ್ಟು ಸ್ವಲ್ಪ ಜಾಸ್ತಿ ಬೆಳಕು ಕೊಡುತ್ತಿದ್ದವರು ಎಷ್ಟು ಜನ! ಡಿಜಿಟಲ್ ಇದಕ್ಕೆ ಪೂರ್ತಿ ಉಲ್ಟಾ. ಕತ್ತಲಾದ ಭಾಗವನ್ನು ಆಮೇಲೆ ಎಷ್ಟೋ ಎತ್ತಬಹುದು. ಸುಟ್ಟು ಬೆಳ್ಳಗಾದ ಕಡೆ ಏನೂ ಉಳಿದಿರುವುದಿಲ್ಲ, ಎತ್ತಲು ಬರುವುದೂ ಇಲ್ಲ. ಯಾವಾಗಲಾದರೂ ಸ್ಲೈಡ್ ಫಿಲ್ಮ್ ಹಾಕಿದ್ದೀರಾ ಸಾರ್? ಹಾಕಿದ್ದರೆ ಆ ಕೈ ನೆನಪು ಮಾಡಿಕೊಳ್ಳಿ, ಬೆಳಕು ಜಾಸ್ತಿ ಆದರೆ ಅದೂ ಬೆಳ್ಳಗಾಗುತ್ತಿತ್ತು. ಡಿಜಿಟಲ್‌ಗೂ ಅದೇ ಎಚ್ಚರ ಬೇಕು.

ನಿಮ್ಮ ಹುಳು ಮನೆಯಲ್ಲಿ ಆಗಿದ್ದೂ ಇದೇ. ಮೀಟರಿಗೆ ಗೂಡು, ಗೋಡೆ ಅಂತ ಭೇದ ಗೊತ್ತಿಲ್ಲ. ತನ್ನ ಮುಂದೆ ಇರುವುದೆಲ್ಲ ಸೇರಿ ಹದವಾದ ಬೂದು ಬಣ್ಣ ಆಗಬೇಕು ಅಂತ ಲೆಕ್ಕ ಹಾಕುತ್ತದೆ. ಸುತ್ತ ಕತ್ತಲೆ ಜಾಸ್ತಿ ಇದ್ದರೆ ಆ ಕತ್ತಲೆಯನ್ನು ಬೂದು ಮಾಡಲು ಹೋಗಿ ಗೂಡನ್ನು ಸುಡುತ್ತದೆ. ಅದರ ಮೇಲೆ ನಿಮ್ಮ ಧಾರಾಳವೂ ಸೇರಿತು. ಅಲ್ಲಿ ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಮೀಟರ್ ಹೇಳಿದ್ದಕ್ಕಿಂತ ಬೆಳಕು ಹೆಚ್ಚುಕಮ್ಮಿ ಮಾಡುವುದು) ಮೈನಸ್ ಒಂದಕ್ಕೆ ಇಟ್ಟು ನೋಡಿ. ಅದೇ ಗೂಡನ್ನು ಜರಡಿ ತುಂಬಾ ಹಾಕಿ ಫ್ರೇಮೆಲ್ಲಾ ಬಿಳಿಯೇ ಆಗುವಂತೆ ತೆಗೆದರೆ ಉಲ್ಟಾ ಆಗುತ್ತದೆ. ಬಿಳಿ ಗೂಡು ಮಾಸಲು ಬಣ್ಣಕ್ಕೆ ಬರುತ್ತದೆ. ಆಗ ಪ್ಲಸ್ ಕಡೆಗೆ ತಿರುಗಿಸಬೇಕು.

ಮೆನುವಿನಲ್ಲಿ ಸದ್ಯಕ್ಕೆ ಎರಡೇ ಸಾಕು. ಪ್ಲೇಬ್ಯಾಕ್ ಮೆನುವಿನಲ್ಲಿ ಹೈಲೈಟ್ಸ್ ತೋರಿಸುವುದನ್ನು ಆನ್ ಮಾಡಿ. ಫೋಟೋದಲ್ಲಿ ಸುಟ್ಟ ಜಾಗ ಮಿಣುಕುತ್ತದೆ. ಗೂಡು ಮಿಣುಕಿದರೆ ಇನ್ನೊಂದು ತೆಗೆಯಿರಿ. ಬಾಗಿಲಾಚೆಯ ಆಕಾಶ ಮಿಣುಕಿದರೆ ಬಿಡಿ, ಅದು ಹೋದರೆ ಹೋಗಲಿ. ಪರದೆಯ ಹೊಳಪು ನೋಡಿ ಮಾತ್ರ ತೀರ್ಮಾನ ಮಾಡಬೇಡಿ. ಬಿಸಿಲಲ್ಲಿ ಎಲ್ಲ ಫೋಟೋವೂ ಕಪ್ಪಗೆ ಕಾಣುತ್ತವೆ, ಕತ್ತಲೆ ಕೋಣೆಯಲ್ಲಿ ಎಲ್ಲವೂ ಬೆಳಗುತ್ತವೆ. ಎರಡನೆಯದು, ರಾ ಮತ್ತು ಜೆಪೆಗ್ ಎರಡೂ ಬಗೆಯ ಫೈಲ್ ಉಳಿಯುವ ಹಾಗೆ ಇಡಿ. ರಾ ಅಂದರೆ ನಿಮ್ಮ ನೆಗೆಟಿವ್ ಅಂದುಕೊಳ್ಳಿ. ಇವತ್ತು ಅದನ್ನು ಬಳಸಲು ಬರದಿದ್ದರೂ ಪರವಾಗಿಲ್ಲ. ಎತ್ತಿಡಿ.

ಬಣ್ಣದ ವಿಷಯವೂ ಹೀಗೇ. ಟ್ಯೂಬ್‌ಲೈಟಿನ ಕೆಳಗೆ ಹಗಲಿನ ಫಿಲ್ಮಿನಲ್ಲಿ ತೆಗೆದರೆ ಮುಖ ಹಸಿರು. ಆ ಹಸಿರನ್ನು ಲ್ಯಾಬಿನಲ್ಲಿ ತಗ್ಗಿಸಿ ಕೊಡುತ್ತಿದ್ದರು, ನಮಗೆ ಗೊತ್ತೇ ಆಗುತ್ತಿರಲಿಲ್ಲ. ಈಗ ಆ ಕೆಲಸ ವೈಟ್ ಬ್ಯಾಲೆನ್ಸ್‌ನದು. ಹಗಲು ಹೊರಗಡೆ ಆಟೋ ಸಾಕು. ಛತ್ರದಲ್ಲಿ ಟ್ಯೂಬು, ಸೀರಿಯಲ್ ಸೆಟ್ಟು ಎಲ್ಲ ಸೇರಿದಾಗ ಒಂದು ಬಿಳಿ ಹಾಳೆ ಹಿಡಿದು ಅಳೆದುಕೊಳ್ಳುತ್ತೇನೆ.

ಲೆನ್ಸ್ ಕೂರುತ್ತೆ ಸಾರ್. ಮಾರಬೇಡಿ. ಹಳೇ ಲೆನ್ಸನ್ನು ಹೊಸ ಕ್ಯಾಮೆರಾಗೆ ಜೋಡಿಸುವ ಎಫ್‌ಟಿಜೆಡ್ ಅನ್ನುವ ಅಡಾಪ್ಟರ್ ಬೇಕು. ಫೋಕಸ್ ಕೈಯಲ್ಲೇ, ಅಪರ್ಚರ್ (ಬೆಳಕು ಬರುವ ಕಿಂಡಿ) ಲೆನ್ಸಿನ ಬಳೆಯಲ್ಲೇ. ಎ (ಅಪರ್ಚರ್ ನಾವು ಇಡುವ) ಅಥವಾ ಎಂ (ಶಟರ್ ಕೂಡ ನಾವೇ ಇಡುವ) ಮೋಡ್‌ನಲ್ಲಿ ಇಟ್ಟರೆ ಮೀಟರ್ ಕೆಲಸ ಮಾಡುತ್ತದೆ. ಫೋಕಸ್ ಪೀಕಿಂಗ್ ಆನ್ ಮಾಡಿದರೆ ಫೋಕಸ್ ಆದ ಅಂಚಿಗೆ ಬಣ್ಣ ಬರುತ್ತದೆ. ಕಣ್ಣು ಮಂಜಾಗುವ ನಮ್ಮ ವಯಸ್ಸಿಗೆ ಅದೊಂದು ದೊಡ್ಡ ಉಪಕಾರ. ಆದರೆ ಜೆಡ್ 50ರಲ್ಲಿ ಫಿಲ್ಮಿನ ಬದಲು ಬೆಳಕು ಹಿಡಿಯುವ ಸೆನ್ಸರ್ ಫಿಲ್ಮಿನ ಫ್ರೇಮಿಗಿಂತ ಚಿಕ್ಕದು. ಎಲ್ಲವೂ ಒಂದೂವರೆ ಪಟ್ಟು ಹತ್ತಿರ ಬಂದ ಹಾಗೆ ಕಾಣುತ್ತದೆ. ನಿಮ್ಮ 35 ಹೆಚ್ಚುಕಮ್ಮಿ 52ರ ಹಾಗೆ, 70 ಅಂದರೆ 105ರ ಹಾಗೆ. ಮುಖ ತೆಗೆಯಲು ಬಹಳ ಚೆಂದ. ಹುಳು ಮನೆ ಪೂರ್ತಿ ಹಿಡಿಯಬೇಕಾದರೆ ಹೊಸ ಲೆನ್ಸೇ ಹಾಕಿ.

ಇನ್ನು 400 ಫೋಟೋ. ನಾನು ಈಗಲೂ ಒಂದು ರೋಲಿಗೆ 36ರ ಲೆಕ್ಕ ಬಿಟ್ಟಿಲ್ಲ. ಒಂದು ಜಾಗಕ್ಕೆ 36, ಅಷ್ಟೇ ಅಂತ ಮನಸ್ಸಿನಲ್ಲಿ ಇಟ್ಟುಕೊಂಡು ಹೋಗುತ್ತೇನೆ. ಆಗ ಕಣ್ಣು ಮೊದಲು ಕೆಲಸ ಮಾಡುತ್ತದೆ, ಬೆರಳು ಆಮೇಲೆ.

ಮಧುಗಿರಿಯಿಂದ:

ಮೇಲಿನ ಅಣ್ಣ ಹೇಳಿದ ಬೆಳಕಿನ ಮಾತು ನೂರಕ್ಕೆ ನೂರು ಸರಿ. ಆದರೆ 36ರ ಮಾತನ್ನು ನಾನು ಒಪ್ಪುವುದಿಲ್ಲ. ನಾನು ಹೋಗುವುದು ಮೈದನಹಳ್ಳಿ ಹುಲ್ಲುಗಾವಲಿಗೆ, ಜಯಮಂಗಲಿ ಕೃಷ್ಣಮೃಗ ಮೀಸಲಿಗೆ. ಹತ್ತು ವರ್ಷ ಫಿಲ್ಮಿನಲ್ಲಿ ಪ್ರಯತ್ನ ಪಟ್ಟೆ. ಜಿಂಕೆ ನೆಗೆಯುವಾಗ ನಾಲ್ಕೂ ಕಾಲು ನೆಲ ಬಿಟ್ಟ ಒಂದು ಫೋಟೋ ಬೇಕಿತ್ತು. ಬೆಳಗಿನ ಬೆಳಕಿಗೆ 400ರ ರೋಲ್ ಸಾಲದು. ರೋಲ್ ಅರ್ಧಕ್ಕೆ ತೆಗೆಯುವಂತಿಲ್ಲ. ಓಟ ಶುರುವಾದಾಗ ಎರಡೋ ಮೂರೋ ಉಳಿದಿರುತ್ತಿತ್ತು. ಇರಲಿ ಬಿಡು ಅಂತ ಕೈ ಹಿಂದೆಗೆಯುತ್ತಿದ್ದೆ. ಹೀಗೆ ಉಳಿಸಲು ಹೋಗಿ ಎಷ್ಟು ಕಳೆದುಕೊಂಡೆನೋ.

ಡಿಜಿಟಲ್ ಬಂದ ಮೇಲೆ ಐಎಸ್ಒ ಪ್ರತಿ ಫೋಟೋಗೂ ಬದಲಾಯಿಸಬಹುದು. ನಾನು ಶಟರ್ 1/1000 ಸೆಕೆಂಡಿಗಿಂತ ನಿಧಾನ ಆಗದ ಹಾಗೆ ಇಟ್ಟು ಐಎಸ್ಒ ಆಟೋಗೆ ಬಿಡುತ್ತೇನೆ. 3200ಕ್ಕೆ ಹೋದರೂ ಹೆದರುವುದಿಲ್ಲ. ಅಲುಗಿ ಹೋದ ಫೋಟೋಗಿಂತ ಸ್ವಲ್ಪ ಕಾಳು ಕಂಡ ಫೋಟೋ ಎಷ್ಟೋ ಮೇಲು. ನಾಲ್ಕು ಕಾಲೂ ಮೇಲಿರುವ ಆ ಫೋಟೋ ನನಗೆ ಸಿಕ್ಕಿದ್ದು 230 ತೆಗೆದ ಒಂದು ಬೆಳಗ್ಗೆ. 36ಕ್ಕೆ ನಿಲ್ಲಿಸಿದ್ದರೆ ಸಿಗುತ್ತಿರಲಿಲ್ಲ.

ಹಾಗಂತ ಎಲ್ಲ ಕಡೆ ಸುರಿಯಬೇಡಿ. ಶಿರಾ ಹತ್ತಿರದ ಕಗ್ಗಲಡುವಿನಲ್ಲಿ ಊರೊಳಗಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಅವು ಗೂಡಲ್ಲಿ ಕೂತಿರುತ್ತವೆ. ಎಲ್ಲಿಗೂ ಓಡುವುದಿಲ್ಲ. ಅಲ್ಲಿ ನಾನೂ ಕಾಯುತ್ತೇನೆ, ಮರಿಗೆ ಗುಟುಕು ಕೊಡುವ ಹೊತ್ತಿಗೆ ನಾಲ್ಕು ತೆಗೆಯುತ್ತೇನೆ. ಎಷ್ಟು ತೆಗೆದರೂ ಸರಿ, ಅವತ್ತು ರಾತ್ರಿಯೇ ಕೂತು ಆರಿಸಿ. ಒಂದು ವಾರ ಬಿಟ್ಟರೆ ಯಾವುದನ್ನೂ ಅಳಿಸಲು ಮನಸ್ಸು ಬರುವುದಿಲ್ಲ.

ಚಿಂತಾಮಣಿಯಿಂದ:

ಒಂದು ಮಾತು ಯಾರೂ ಹೇಳಿಲ್ಲ. ನಮ್ಮದೂ ರೇಷ್ಮೆ ಮನೆ. ಹುಳು ಜ್ವರಕ್ಕೆ ಕೂತಾಗ (ಪೊರೆ ಬಿಡುವಾಗ) ಸುಣ್ಣದ ಪುಡಿ ಉದುರಿಸುತ್ತೇವಲ್ಲ, ಆ ಮನೆಯೊಳಗೆ ದಯವಿಟ್ಟು ಲೆನ್ಸ್ ಬಿಚ್ಚಬೇಡಿ. ಫಿಲ್ಮಿನಲ್ಲಿ ಪ್ರತಿ ಫೋಟೋಗೂ ಹೊಸ ಫ್ರೇಮು. ಧೂಳು ಬಿದ್ದರೆ ಸಾಮಾನ್ಯವಾಗಿ ಆ ಒಂದಕ್ಕೇ ಮುಗಿಯಿತು. ಸೆನ್ಸರ್ ಒಂದೇ ಅಲ್ವಾ, ಕೂತ ಧೂಳು ಎಲ್ಲ ಫೋಟೋದಲ್ಲೂ ಅದೇ ಜಾಗದಲ್ಲಿ ಚುಕ್ಕಿಯಾಗಿ ಬರುತ್ತದೆ. ಅಪರ್ಚರ್ 16ಕ್ಕೆ ಇಟ್ಟು ಆಕಾಶ ತೆಗೆದು ನೋಡಿ, ಗೊತ್ತಾಗುತ್ತದೆ. ಬಾಯಿಂದ ಊದಬೇಡಿ, ಎಂಜಲು ಹಾರಿದರೆ ಇನ್ನೂ ಕಷ್ಟ. ರಬ್ಬರ್ ಬ್ಲೋವರ್ ಸಿಗುತ್ತದೆ, ಕ್ಯಾಮೆರಾ ಬಾಯಿ ಕೆಳಗೆ ಮಾಡಿ ಊದಿ. ಬ್ಯಾಟರಿಯೂ ಇನ್ನೊಂದು ತಗೊಳ್ಳಿ. ಎಫ್‌ಎಂ10ಗೆ ಸೆಲ್ ಬೇಕಾಗಿದ್ದು ಮೀಟರಿಗೆ ಮಾತ್ರ, ಸೆಲ್ ಸತ್ತರೂ ಶಟರ್ ಬೀಳುತ್ತಿತ್ತು. ಇದು ಹಾಗಲ್ಲ.

ಕೋಲಾರದಿಂದ:

ಅಣ್ಣಾ, ನಾನು ದೊಡ್ಡ ಫೋಟೋಗ್ರಾಫರ್ ಅಲ್ಲ. ಮನೆಯವರದ್ದು, ಮಕ್ಕಳದ್ದು ತೆಗೆಯುತ್ತೇನೆ ಅಷ್ಟೇ. ಆದರೂ ಇದನ್ನು ಹೇಳಲೇಬೇಕು.

1997ರ ಕಾರ್ತಿಕದಲ್ಲಿ ಅಮ್ಮನನ್ನು ಅಂತರಗಂಗೆಗೆ ಕರಕೊಂಡು ಹೋಗಿದ್ದೆವು. ಕಲ್ಲಿನ ಬಸವನ ಬಾಯಿಂದ ಬೀಳುವ ನೀರಿಗೆ ಅಮ್ಮ ಬೊಗಸೆ ಒಡ್ಡಿದ್ದಾಳೆ, ಬಳೆ ಮೊಣಕೈವರೆಗೂ ಜಾರಿದೆ. ಆ ಫೋಟೋದ ಪ್ರಿಂಟ್ ಗೆದ್ದಲು ತಿಂದು ಹೋಯ್ತು. ನೆಗೆಟಿವ್ ಟ್ರಂಕಿನಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಇತ್ತು. ಮತ್ತೆ ಪ್ರಿಂಟ್ ಹಾಕಿಸಿದೆವು. ನಾವು ಅದನ್ನು ಜೋಪಾನ ಮಾಡಿದ್ದೆವು ಅಂತಲ್ಲ. ಸುಮ್ನೆ ಅಲ್ಲಿ ಬಿದ್ದಿತ್ತು, ಉಳಿಯಿತು.

2014ರಲ್ಲಿ ಅಮ್ಮ ಕೊನೆಯ ಸಲ ಮೆಟ್ಟಿಲು ಹತ್ತಿದಳು. ನಿಂತು ನಿಂತು, ಮೊಮ್ಮಗನ ಹೆಗಲು ಹಿಡಿದು. ಡಿಜಿಟಲ್ ಕ್ಯಾಮೆರಾದಲ್ಲಿ 60-70 ಫೋಟೋ ತೆಗೆದೆ. ಎಲ್ಲವನ್ನೂ ಒಂದು ಹಾರ್ಡ್ ಡಿಸ್ಕಿಗೆ ಹಾಕಿ ಕಾರ್ಡ್ ಖಾಲಿ ಮಾಡಿದೆ. ಆ ಡಿಸ್ಕ್ ಮೇಜಿನಿಂದ ಬಿತ್ತು. ಟಕ್ ಟಕ್ ಅಂತ ಸದ್ದು ಮಾಡುತ್ತಿತ್ತು, ತೆರೆಯಲಿಲ್ಲ. ರಿಪೇರಿಯವರ ಹತ್ತಿರ ಕೊಟ್ಟರೂ ಏನೂ ಸಿಗಲಿಲ್ಲ. ಒಂದೇ ಒಂದು ಉಳಿದಿದೆ. ತಂಗಿಗೆ ಫೋನಿಗೆ ಕಳಿಸಿದ್ದೆ ನೋಡಿ, ಅದು. ಚಿಕ್ಕದು. ದೊಡ್ಡದು ಮಾಡಿದರೆ ಅಮ್ಮನ ಮುಖ ಚೌಕ ಚೌಕ ಆಗುತ್ತದೆ.

ಅದಕ್ಕೇ ಕೇಳಿಕೊಳ್ಳುತ್ತೇನೆ. ಎರಡು ಡಿಸ್ಕ್ ತಗೊಳ್ಳಿ. ಒಂದನ್ನು ಮಗಳ ಮನೆಯಲ್ಲಿ ಇಡಿ, ನಿಮ್ಮ ಮನೆಯಲ್ಲಿ ಬೇಡ. ಎರಡಕ್ಕೂ ಹಾಕಿ, ತೆರೆದು ನೋಡಿ, ಆಮೇಲೆ ಕಾರ್ಡ್ ಫಾರ್ಮ್ಯಾಟ್ ಮಾಡಿ. ಮನೆಯವರ ಫೋಟೋ ಇದ್ದರೆ ವರ್ಷಕ್ಕೆ ಇಪ್ಪತ್ತಾದರೂ ಪ್ರಿಂಟ್ ಹಾಕಿಸಿ ಆಲ್ಬಮ್‌ಗೆ ಸೇರಿಸಿ.

ಕೇಳಿದವರು, ಶಿಡ್ಲಘಟ್ಟದಿಂದ:

ನಾಲ್ಕೂ ಜನಕ್ಕೆ ನಮಸ್ಕಾರ. ಕೋಲಾರದ ತಂಗಿ ಬರೆದದ್ದನ್ನು ಮಗಳಿಗೆ ಓದಿ ಹೇಳಿದೆ. ಎರಡು ಡಿಸ್ಕ್ ಈ ವಾರವೇ ಬರುತ್ತವೆ.

ನೆನ್ನೆ ಗೂಡು ಬಿಡಿಸುವ ಮುಂಚೆ ಮತ್ತೆ ಹುಳು ಮನೆಗೆ ಹೋದೆ. ಮೈನಸ್ ಒಂದಕ್ಕೆ ಇಟ್ಟೆ, ಇನ್ನೂ ಎರಡು ಗೂಡು ಮಿಣುಕಿದವು. ಮೈನಸ್ 1.3ಕ್ಕೆ ಇಳಿಸಿದಾಗ ಮಿಣುಕುವುದು ನಿಂತಿತು. ಗೂಡಿನ ಸುತ್ತ ಹುಳು ಮೊದಲು ಹಾಕಿಕೊಳ್ಳುವ ಸಡಿಲ ನೂಲು ಇರುತ್ತಲ್ಲ, ಅದು ಒಂದೊಂದು ಎಳೆಯೂ ಕಾಣುತ್ತಿದೆ. ಬಿದಿರಿನ ನೆರಳು ಗೂಡಿನ ಮೇಲೆ ಬಿದ್ದದ್ದೂ ಕಾಣುತ್ತಿದೆ. ಗೋಡೆ ಕಪ್ಪಗಿದೆ, ಇರಲಿ. ಒಟ್ಟು 41 ತೆಗೆದೆ. ಹನ್ನೆರಡು ಉಳಿಸಿಕೊಂಡೆ.

ಒಂದೇ ಪ್ರಶ್ನೆ ಉಳಿದಿದೆ. ನನ್ನ ಹತ್ತಿರ 20 ವರ್ಷದ ನೆಗೆಟಿವ್ ಇವೆ. ಅಪ್ಪ ಗೂಡಿನ ಮಾರ್ಕೆಟ್ಟಿನಲ್ಲಿ ಕೂತಿರುವುದೂ ಅದರಲ್ಲೇ ಇದೆ. ಈ ಕ್ಯಾಮೆರಾದಲ್ಲೇ ಅವನ್ನು ಡಿಜಿಟಲ್ ಮಾಡಲು ಬರುತ್ತಾ?

ತುಮಕೂರಿನಿಂದ:

ಬರುತ್ತೆ ಸಾರ್. ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಲೆನ್ಸ್ ಬೇಕು, ಯಾರ ಹತ್ತಿರವಾದರೂ ಒಂದು ವಾರಕ್ಕೆ ಕೇಳಿ ತನ್ನಿ. ನೆಗೆಟಿವ್ ಹಿಂದೆ ಸಮನಾದ ಬಿಳಿ ಬೆಳಕು ಇರಲಿ. ಫೋನಿನ ಬಿಳಿ ಪರದೆಯೂ ಆಗುತ್ತದೆ, ಆದರೆ ನೆಗೆಟಿವನ್ನು ಅದರ ಮೇಲೇ ಇಡಬೇಡಿ, ಚುಕ್ಕಿ ಕಾಣುತ್ತವೆ. ನಾಲ್ಕು ಬೆರಳು ಎತ್ತರದಲ್ಲಿ ಹಿಡಿಸಿ. ಕ್ಯಾಮೆರಾ ಸ್ಟ್ಯಾಂಡ್ ಮೇಲೆ, ಟೈಮರ್ ಹಾಕಿ, ರಾ ಫೈಲ್. ಆಮೇಲೆ ಕಂಪ್ಯೂಟರಿನಲ್ಲಿ ಬಣ್ಣ ತಿರುಗಿಸಬೇಕು. ನೆಗೆಟಿವ್ ಪೂರ್ತಿ ಕಿತ್ತಳೆ ಬಣ್ಣ ಇರುತ್ತದಲ್ಲ, ಅದನ್ನು ಕಳೆಯುವುದರಲ್ಲೇ ಎಲ್ಲ ಕೆಲಸ ಇದೆ. ಅಪ್ಪನವರ ಫೋಟೋ ಮೊದಲು ಮಾಡಿ. ಬಣ್ಣ ಕೂರದಿದ್ದರೆ ಫೈಲ್ ಇಲ್ಲಿಗೆ ಹಾಕಿ, ನಾನು ಕೂತು ಸರಿ ಮಾಡಿ ಕೊಡುತ್ತೇನೆ.