ನವೆಂಬರ್ 9 ಜರ್ಮನಿಗೆ ಆಗಿಬರಲ್ವಾ?

ಕರಿಹಲಗೆ ಮೇಡಂ:
ನಮ್ಮ ಹೈಸ್ಕೂಲಿನಲ್ಲಿ ‘ಚರಿತ್ರೆಯಲ್ಲಿ ಈ ದಿನ’ ಅಂತ ಒಂದು ಬೋರ್ಡ್ ಇದೆ. ಪ್ರಾರ್ಥನೆಗೆ ಮುಂಚೆ ಅದರಲ್ಲಿ ನಾಲ್ಕು ಸಾಲು ಬರೆಯೋ ಕೆಲಸ ನನ್ನ ತಲೆಗೆ ಬಿದ್ದಿದೆ. ಸಾಮಾನ್ಯವಾಗಿ ಒಂದಕ್ಕೊಂದು ಸಂಬಂಧ ಇರುವುದಿಲ್ಲ, ಯಾರೋ ಹುಟ್ಟಿದರು, ಎಲ್ಲೋ ಹಡಗು ಮುಳುಗಿತು, ಅಷ್ಟೇ. ಆದರೆ ನವೆಂಬರ್ 9ಕ್ಕೆ ಹುಡುಕಿದರೆ ಬರೀ ಜರ್ಮನಿ. 1918ರಲ್ಲಿ ಕೈಸರ್, ಅಂದರೆ ಚಕ್ರವರ್ತಿ, ಎರಡನೇ ವಿಲ್‌ಹೆಲ್ಮ್‌ನ ಪಟ್ಟ ಹೋಯಿತು. 1923ರಲ್ಲಿ ಮ್ಯೂನಿಕ್‌ನಲ್ಲಿ ಹಿಟ್ಲರ್‌ನ ದಂಗೆ ಮುರಿದುಬಿತ್ತು. 1938ರಲ್ಲಿ ಯಹೂದಿಗಳ ಮೇಲೆ ದೇಶದ ತುಂಬಾ ದಾಳಿ. 1989ರಲ್ಲಿ ಬರ್ಲಿನ್ ಗೋಡೆ ಬಿತ್ತು. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು “ಮೇಡಂ, ಆ ದಿನ ಅವರಿಗೆ ಆಗಿಬರಲ್ವಾ?” ಅಂತ ಕೇಳಿದಳು. ನಕ್ಕೆ, ಆದರೆ ಉತ್ತರ ಹೊಳೆಯಲಿಲ್ಲ. ಇದೆಲ್ಲ ಸುಮ್ನೆ ಕಾಕತಾಳೀಯವಾ?

ಲೆಕ್ಕದ ಮೇಷ್ಟ್ರು:
ಹೌದು, ಕಾಕತಾಳೀಯ. 23 ಜನ ಸೇರಿದರೆ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬೀಳುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ. ಮೂವರದ್ದು ಒಂದಾಗಲು 88 ಜನ ಸಾಕು, ನಾಲ್ವರದ್ದಕ್ಕೆ 187. ಒಂದು ದೇಶದ ನೂರೈವತ್ತು ವರ್ಷದಲ್ಲಿ 187 ದೊಡ್ಡ ಘಟನೆ ಸಿಗುವುದು ಕಷ್ಟವಾ? ಹುಡುಕಿದವರಿಗೆ ಯಾವುದಾದರೂ ಒಂದು ದಿನ ಸಿಕ್ಕೇ ಸಿಗುತ್ತದೆ.

ಹಳೇ ಪೇಪರ್:
ಮೇಷ್ಟ್ರೇ, ಲೆಕ್ಕ ಸರಿ. ಆದರೆ ಒಬ್ಬರ ಹುಟ್ಟುಹಬ್ಬ ನೋಡಿಕೊಂಡು ಇನ್ನೊಬ್ಬರು ಹುಟ್ಟದಿದ್ದಾಗ ಮಾತ್ರ ಆ ಲೆಕ್ಕ ನಡೆಯುತ್ತದೆ. ಇಲ್ಲಿ ಮೊದಲ ಮೂರು ಒಂದರ ಬಾಲ ಒಂದು ಹಿಡಿದುಕೊಂಡು ಬಂದಿವೆ.

1918ರಲ್ಲಿ ಯುದ್ಧ ಸೋಲುವ ಹೊತ್ತು, ಬರ್ಲಿನ್ ಬೀದಿಯಲ್ಲಿ ಕಾರ್ಮಿಕರು, ಸೈನಿಕರು. ಕೈಸರ್ ಇನ್ನೂ ಒಪ್ಪಿರಲಿಲ್ಲ, ಅಷ್ಟರಲ್ಲೇ ಚಾನ್ಸಲರ್ ಮ್ಯಾಕ್ಸ್ ಫಾನ್ ಬಾಡೆನ್ ಅವನು ಪಟ್ಟ ಬಿಟ್ಟ ಅಂತ ಪ್ರಕಟಿಸಿಬಿಟ್ಟ! ಮಧ್ಯಾಹ್ನ ಸೋಶಿಯಲ್ ಡೆಮಾಕ್ರಟ್ ಮುಖಂಡ ಶೈಡೆಮನ್ ಸಂಸತ್ತಿನ ಕಿಟಕಿಯಿಂದ ಗಣರಾಜ್ಯ ಘೋಷಿಸಿದ, ಸ್ವಲ್ಪ ಹೊತ್ತಿಗೆ ಎಡಪಂಥೀಯ ಮುಖಂಡ ಲೀಬ್‌ಕ್ನೆಖ್ಟ್ ಅರಮನೆ ಹತ್ತಿರ ನಿಂತು ಸಮಾಜವಾದಿ ಗಣರಾಜ್ಯ ಅಂತ ಇನ್ನೊಂದನ್ನು ಘೋಷಿಸಿದ. ಎರಡೇ ದಿನಕ್ಕೆ ಕದನವಿರಾಮ. ಸೈನ್ಯ ಸೋಲಲಿಲ್ಲ, ಒಳಗಿನವರೇ ಬೆನ್ನಿಗೆ ಇರಿದರು ಅಂತ ಬಲಪಂಥೀಯರು ಕಥೆ ಕಟ್ಟಿದರು, ಆ ಗಣರಾಜ್ಯದವರಿಗೆ ‘ನವೆಂಬರ್ ಅಪರಾಧಿಗಳು’ ಅಂತ ಹೆಸರಿಟ್ಟರು. ಹಿಟ್ಲರ್ ಮ್ಯೂನಿಕ್‌ನ ಬಿಯರ್ ಹಾಲ್‌ಗೆ ನುಗ್ಗಿದ್ದು ಆ ದಿನಕ್ಕೆ ಐದು ವರ್ಷ ತುಂಬುವ ಹಿಂದಿನ ರಾತ್ರಿ. ಮರುದಿನ ಮೆರವಣಿಗೆ ಹೊರಟರು, ಪೊಲೀಸರು ಗುಂಡು ಹಾರಿಸಿದರು. ಅವನ ಕಡೆಯವರೆಂದು 16 ಹೆಸರು, ಪೊಲೀಸರಲ್ಲಿ ನಾಲ್ವರು.

ಅಧಿಕಾರಕ್ಕೆ ಬಂದ ಮೇಲೆ ಆ 16 ಜನರ ಹೆಸರಲ್ಲಿ ವರ್ಷಾವರ್ಷ ಒಂದು ಜಾತ್ರೆ. ಎಂಟರ ರಾತ್ರಿ ಅದೇ ಬಿಯರ್ ಹಾಲ್‌ನಲ್ಲಿ ಭಾಷಣ, ಒಂಬತ್ತಕ್ಕೆ ಮೆರವಣಿಗೆ. ಹೀಗಾಗಿ 1938ರ ನವೆಂಬರ್ 9ರ ರಾತ್ರಿ ನಾಜಿ ಮುಖಂಡರೆಲ್ಲ ಮ್ಯೂನಿಕ್‌ನಲ್ಲಿ ಊಟಕ್ಕೆ ಕೂತಿದ್ದರು. ಎರಡು ದಿನದ ಹಿಂದೆ ಪ್ಯಾರಿಸ್‌ನಲ್ಲಿ 17 ವರ್ಷದ ಯಹೂದಿ ಹುಡುಗ ಗ್ರೀನ್ಸ್‌ಪಾನ್ ಗುಂಡು ಹೊಡೆದಿದ್ದ ಜರ್ಮನ್ ಅಧಿಕಾರಿ ಫೊಮ್ ರಾಟ್ ಸತ್ತ ಸುದ್ದಿ ಅಲ್ಲಿಗೇ ಬಂತು. ಪ್ರಚಾರ ಮಂತ್ರಿ ಗೋಬೆಲ್ಸ್ ಎದ್ದು ಬೆಂಕಿ ಹಚ್ಚುವ ಭಾಷಣ ಮಾಡಿದ, ಮುಖಂಡರು ತಮ್ಮ ತಮ್ಮ ಊರಿನವರಿಗೆ ದಾಳಿಗೆ ಹೇಳಲು ಫೋನಿಗೆ ಓಡಿದರು. ಯಹೂದಿಗಳ ಪ್ರಾರ್ಥನಾ ಮಂದಿರವಾದ ಸಿನಗಾಗ್‌ಗಳು ಸಾವಿರಕ್ಕೂ ಹೆಚ್ಚು ಹಾಳಾದವು, ಸುಮಾರು 30,000 ಯಹೂದಿ ಗಂಡಸರು ಡಖಾವ್, ಬೂಖೆನ್‌ವಾಲ್ಡ್ ಥರದ ಶಿಬಿರಗಳಿಗೆ ಹೋದರು. ಬೇರೆ ದಿನವಾಗಿದ್ದರೆ ಆ ಮುಖಂಡರೆಲ್ಲ ಒಂದೇ ಕೋಣೆಯಲ್ಲಿ ಇರುತ್ತಲೇ ಇರಲಿಲ್ಲ.

ಇನ್ನೊಂದು ವಿಷಯ. 1939ರಲ್ಲಿ ಎಲ್ಜರ್ ಎಂಬ ಬಡಗಿ ಆ ಹಾಲ್‌ನ ಕಂಬವನ್ನು ರಾತ್ರಿ ರಾತ್ರಿ ಕೊರೆದು ಬಾಂಬ್ ಇಟ್ಟ. ಹಿಟ್ಲರ್ 13 ನಿಮಿಷ ಮುಂಚೆ ಹೊರಟುಹೋಗಿ ಬದುಕಿಕೊಂಡ. ಎಂಟನೇ ತಾರೀಕು ಅವನು ಅಲ್ಲಿಗೇ ಬರುತ್ತಾನೆ ಅಂತ ಗೊತ್ತಿದ್ದರಿಂದಲೇ ಎಲ್ಜರ್‌ಗೆ ಅಷ್ಟು ಮೊದಲೇ ತಯಾರಾಗಲು ಆಯಿತು.

ಬರ್ಲಿನ್ ಬಾಡಿಗೆಮನೆ:
ಇಲ್ಲಿಗೆ ಬಂದು ಆರು ವರ್ಷ ಆಯಿತು. ನಾಜಿಗಳು ಎಳೆದೊಯ್ದವರ ಹೆಸರು ಕೊರೆದ ಪುಟ್ಟ ಹಿತ್ತಾಳೆ ಫಲಕಗಳು ಅವರವರ ಮನೆ ಮುಂದಿನ ಫುಟ್‌ಪಾತಿನಲ್ಲೇ ಇವೆ. ನವೆಂಬರ್ 9ಕ್ಕೆ ಜನ ಅವನ್ನು ತಿಕ್ಕಿ ತೊಳೆದು ದೀಪ ಇಡುತ್ತಾರೆ. ಗೋಡೆ ಬಿದ್ದ ಖುಷಿಯೂ ಅದೇ ದಿನವೇ. ಪಟಾಕಿ ಹೊಡೆಯಬೇಕಾ, ತಲೆ ತಗ್ಗಿಸಬೇಕಾ? ಪೂರ್ವ, ಪಶ್ಚಿಮ ಜರ್ಮನಿ ಒಗ್ಗೂಡಿದ ಹಬ್ಬವನ್ನು ಅಕ್ಟೋಬರ್ 3ಕ್ಕೆ ಇಟ್ಟುಕೊಂಡಿದ್ದಾರೆ, 1990ರಲ್ಲಿ ಕಾಗದದ ಮೇಲೆ ಒಂದಾದ ದಿನ ಅದು. ಸಪ್ಪೆ ದಿನ, ಆದರೆ ಸರಿಯಾದ ತೀರ್ಮಾನ ಅಂತ ನನಗನ್ನಿಸುತ್ತದೆ.

1989ರದ್ದು ಮಾತ್ರ ಮೇಷ್ಟ್ರು ಹೇಳಿದ ಹಾಗೇ. ಪೂರ್ವ ಜರ್ಮನಿಯವರು ಪಶ್ಚಿಮಕ್ಕೆ ಹೋಗಬಹುದು ಎಂಬ ಹೊಸ ಪ್ರಯಾಣ ನಿಯಮ ಹೊರಬರಬೇಕಿದ್ದದ್ದು ಹತ್ತನೇ ತಾರೀಕು. ಒಂಬತ್ತರ ಸಂಜೆ ಪತ್ರಿಕಾಗೋಷ್ಠಿಯಲ್ಲಿ ಅಲ್ಲಿನ ಆಡಳಿತ ಪಕ್ಷದ ವಕ್ತಾರ ಶಬೋವ್‌ಸ್ಕಿಗೆ ಯಾವಾಗಿನಿಂದ ಅಂತ ಕೇಳಿದರು. ಅವನು ಕಾಗದ ತಿರುವಿ ಹಾಕಿ, ಈಗಲೇ, ತಕ್ಷಣ ಅಂದುಬಿಟ್ಟ. ಟಿವಿ ನೋಡಿದ ಜನ ಗೋಡೆಯ ಗೇಟಿಗೆ ಹೋಗಿ ನಿಂತರು. ಬೋರ್ನ್‌ಹೋಮರ್ ಬೀದಿಯ ಗೇಟಿನಲ್ಲಿ ಯೇಗರ್ ಎಂಬ ಅಧಿಕಾರಿ ಮೇಲಿನವರಿಗೆ ಫೋನ್ ಮಾಡಿ ಮಾಡಿ ಸಾಕಾಗಿ ಹನ್ನೊಂದೂವರೆ ಸುಮಾರಿಗೆ ತೆಗೆದೇಬಿಟ್ಟ. ಇನ್ನರ್ಧ ಗಂಟೆ ತಡೆದಿದ್ದರೆ ಗೇಟು ತೆರೆದ ದಿನ ಹತ್ತಾಗುತ್ತಿತ್ತು!

ಲೆಕ್ಕದ ಮೇಷ್ಟ್ರು:
ಮೂರು ನಿಮಗೆ ಬಿಟ್ಟುಕೊಟ್ಟೆ, 1989 ನನ್ನದು. ಅಂದಹಾಗೆ ಆ ಹನ್ನೊಂದೂವರೆಗೆ ನಮ್ಮಲ್ಲಿ ಬೆಳಗಿನ ಜಾವ ನಾಲ್ಕು, ತಾರೀಕು ಆಗಲೇ ಹತ್ತು. ನಮ್ಮೂರ ಗಡಿಯಾರದ ಪ್ರಕಾರ ಬರೆದರೆ ಬೋರ್ಡಿನ ಒಂದು ಸಾಲು ಮರುದಿನಕ್ಕೆ ಹೋಗುತ್ತದೆ ಮೇಡಂ.

ಕರಿಹಲಗೆ ಮೇಡಂ:
ಅಯ್ಯೋ, ಅದನ್ನೆಲ್ಲ ಹೇಳಿ ಮಕ್ಕಳ ತಲೆ ಕೆಡಿಸಬೇಡಿ ಸರ್. 1918, 1923, 1938 ಬಿಳಿ ಚಾಕಿನಲ್ಲಿ ಬರೆದು ನಡುವೆ ಬಾಣ ಎಳೆಯುತ್ತೇನೆ. 1989 ಹಳದಿ ಚಾಕಿನಲ್ಲಿ, ಬಾಣ ಇಲ್ಲದೆ. ಯಾಕೆ ಅಂತ ಆ ಹುಡುಗಿ ಕೇಳೇ ಕೇಳುತ್ತಾಳೆ.