ನಮ್ಮ ವಾರ್ಡ್ ಸದಸ್ಯರ ಕೆಲಸದ ಪಟ್ಟಿ ಎಷ್ಟು ನಿಜ, ಹೇಗೆ ನೋಡುವುದು?

ಪ್ರಶ್ನೆ:
ನಮ್ಮ ವಾರ್ಡಿನ ಸದಸ್ಯರು ತಮ್ಮ ಅವಧಿಯ ಕೆಲಸಗಳ ಪಟ್ಟಿ ಹಂಚಿದ್ದಾರೆ. ನಮ್ಮ ಬೀದಿಯ ಚರಂಡಿಯೂ ಅದರಲ್ಲಿದೆ. ಆದರೆ ಜೋರು ಮಳೆ ಬಂದರೆ ಈಗಲೂ ಮೂಲೆಮನೆ ಮುಂದೆ ಮೊಣಕಾಲವರೆಗೆ ನೀರು. ಅಮ್ಮ ಹೊಸ್ತಿಲಿಗೆ ಮರಳಿನ ಚೀಲ ಅಡ್ಡ ಇಡುತ್ತಾರೆ. ಸುಮ್ನೆ ದೂರುವುದಕ್ಕೆ ಬರೆಯುತ್ತಿಲ್ಲ. ಬೀದಿ ದೀಪ ಹಾಕಿಸಿದ್ದು ಅವರೇ, ರಾತ್ರಿ ಓಡಾಡಲು ಈಗ ಭಯವಿಲ್ಲ. ಉಳಿದದ್ದನ್ನು ಹೇಗೆ ಪರೀಕ್ಷಿಸಲಿ?

ಉತ್ತರ 1:
ಮಂಜೂರಾಗುವುದು ಬೇರೆ, ಮುಗಿಯುವುದು ಬೇರೆ. ಬಜೆಟ್‌ನಲ್ಲಿ ಹಣ ಇಟ್ಟ ಮೇಲೆ ಟೆಂಡರ್, ಕಾರ್ಯಾದೇಶ (ಕೆಲಸ ಶುರು ಮಾಡಿ ಅಂತ ಗುತ್ತಿಗೆದಾರರಿಗೆ ಕೊಡುವ ಆದೇಶ), ಮಾಡಿದ ಕೆಲಸದ ಅಳತೆ, ಬಿಲ್ ಎಲ್ಲಾ ಆಗಬೇಕು. ಕೊನೆಯ ಬಿಲ್ ಯಾವಾಗ ಆಯಿತು ಅಂತ ಕೇಳಿ. ಗುತ್ತಿಗೆದಾರರು ಇಂತಿಷ್ಟು ಕಾಲ ಉಚಿತವಾಗಿ ರಿಪೇರಿ ಮಾಡಬೇಕು ಅಂತ ಕರಾರಿನಲ್ಲಿ ಸಾಮಾನ್ಯವಾಗಿ ಇರುತ್ತದೆ. ಆ ಗಡುವು ಮುಗಿಯುವ ಮೊದಲೇ ಬರಹದಲ್ಲಿ ದೂರು ಕೊಡಿ.

ಉತ್ತರ 2:
ಸದಸ್ಯರು ಕೂರುವ ಸಭೆಯ ನಡಾವಳಿಯನ್ನೂ (ಸಭೆಯಲ್ಲಿ ನಡೆದದ್ದರ ದಾಖಲೆ) ಓದಿ. ಒಬ್ಬ ಸದಸ್ಯರು ಒಂಟಿಯಾಗಿ ಚರಂಡಿ ಕಟ್ಟಿಸಲು ಆಗುವುದಿಲ್ಲ, ಅಲ್ವಾ? ವಿಷಯ ಎತ್ತಿದರೇ, ಎಷ್ಟು ಸಲ ಎತ್ತಿದರು, ಅದು ಅಲ್ಲಿ ಸಿಗುತ್ತದೆ. ನನಗೆ ಪಟ್ಟಿಗಿಂತ ಅದೇ ಜಾಸ್ತಿ ಮುಖ್ಯ.

ಉತ್ತರ 3:
ಒಣ ದಿನ ಚರಂಡಿಗೆ ನಾಲ್ಕು ಬಕೆಟ್ ನೀರು ಸುರಿದು ನೋಡಿ. ಹಿಂದಕ್ಕೆ ಬಂದರೆ ಇಳಿಜಾರು ತಪ್ಪಿದೆ, ಇಲ್ಲವೇ ಮುಂದೆ ಎಲ್ಲೋ ಕಟ್ಟಿಕೊಂಡಿದೆ.

ಪ್ರಶ್ನೆ ಕೇಳಿದವರು:
ಈಗಷ್ಟೇ ಸುರಿದು ಬಂದೆ. ನೀರು ಮೋರಿಯ (ರಸ್ತೆ ಅಡಿಯಿಂದ ನೀರು ದಾಟುವ ಕೊಳವೆ) ಬಾಯಿಯವರೆಗೆ ಹೋಗಿ ನಿಂತಿತು. ಮೋರಿಯೇ ಚರಂಡಿಗಿಂತ ಒಂದು ಗೇಣು ಎತ್ತರದಲ್ಲಿದೆ! ಫೋಟೊ ತೆಗೆದಿದ್ದೇನೆ. ನಾಳೆ ಸದಸ್ಯರನ್ನೇ ಕರೆದು ತೋರಿಸುತ್ತೇನೆ.