ಮರ್ಸಿಡಿಸ್ ಡಬ್ಲ್ಯು 196: ಚಕ್ರ ಮುಚ್ಚಿದ ಮೈ ಸಿಲ್ವರ್‌ಸ್ಟೋನ್‌ನಲ್ಲಿ ಕೈಕೊಟ್ಟಿದ್ದೇಕೆ?

ಪ್ರಶ್ನೆ: ಚಕ್ರಗಳನ್ನೂ ಮುಚ್ಚುವ ಹೊರಮೈಯ ಈ ರೇಸ್ ಕಾರಿನಲ್ಲಿ 1954ರ ಜುಲೈ 4ರಂದು ಫ್ರಾನ್ಸ್‌ನ ರೀಮ್ಸ್‌ನಲ್ಲಿ ಚಾಲಕ ಫಾಂಜಿಯೊ ಮೊದಲು, ಜೊತೆ ಚಾಲಕ ಕ್ಲಿಂಗ್ ಎರಡನೆಯವರು. ಎರಡೇ ವಾರದಲ್ಲಿ ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ ಫಾಂಜಿಯೊಗೆ ನಾಲ್ಕನೇ ಸ್ಥಾನ. ಗಾಳಿ ಸೀಳುವ ಮೈ ಎಲ್ಲ ಕಡೆಯೂ ಲಾಭವಲ್ಲವೇ?

ಉತ್ತರ 1: ಅಲ್ಲ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು, ಅದನ್ನು ಮೀರಲು ಬೇಕಾದ ಶಕ್ತಿ ಎಂಟು ಪಟ್ಟು. ಅಂದರೆ ಲಾಭವೆಲ್ಲ ರೀಮ್ಸ್‌ನಂಥ ಉದ್ದ ನೇರ ರಸ್ತೆಯಲ್ಲೇ. ತೆರೆದ ಚಕ್ರವೇ ದೊಡ್ಡ ಕಳ್ಳ: ಟೈರಿನ ಮೇಲ್ತುದಿ ಕಾರಿನ ಎರಡು ಪಟ್ಟು ವೇಗದಲ್ಲಿ ಗಾಳಿಗೆ ಎದುರಾಗುತ್ತದೆ. ಆದರೆ ಅದನ್ನು ಮುಚ್ಚಿದರೆ ಚಾಲಕನಿಗೆ ಮುಂಚಕ್ರ ಕಾಣುವುದಿಲ್ಲ. ಸಿಲ್ವರ್‌ಸ್ಟೋನ್ ಹಳೆಯ ವಿಮಾನನೆಲೆ. ತಿರುವುಗಳ ಗುರುತಿಗೆ ಎಣ್ಣೆ ಡ್ರಮ್ಮುಗಳು. ಫಾಂಜಿಯೊ ಅವಕ್ಕೆ ತಾಗಿಸಿ ಮೂತಿ ನೆಗ್ಗಿಸಿಕೊಂಡರು.

ಉತ್ತರ 2: ಮೈಯ ಹೆಚ್ಚುವರಿ ತೂಕವನ್ನೂ ಸೇರಿಸಿ. ಆಗಸ್ಟ್ 1ರಂದು ಜರ್ಮನಿಯ ನೂರ್‌ಬರ್ಗ್‌ರಿಂಗ್ ರೇಸಿಗೆ ಅದೇ ಚಾಸಿಗೆ (ಕಾರಿನ ಚೌಕಟ್ಟಿಗೆ) ತೆರೆದ ಚಕ್ರದ ಮೈ ಬಂತು. ಇಟಲಿಯ ಮೊಂಜಾಕ್ಕೆ ಮತ್ತೆ ಮುಚ್ಚಿದ್ದು, ಮತ್ತೆ ಗೆಲುವು. ಎಂಟು ಸಿಲಿಂಡರಿನ ಎಂಜಿನ್ನನ್ನು ಪಕ್ಕಕ್ಕೆ ವಾಲಿಸಿ ಬಾನೆಟ್ ತಗ್ಗಿಸಿದ್ದು ಮಾತ್ರ ಎರಡೂ ಬಗೆಯ ಮೈಗೆ ಉಪಯೋಗ.

ಉತ್ತರ 3: ಅಡ್ಡಗಾಳಿಯನ್ನು ಮರೆಯಬೇಡಿ. ಪಕ್ಕದ ಒತ್ತಡದ ಕೇಂದ್ರ (ಅಡ್ಡಗಾಳಿಯ ತಳ್ಳುವಿಕೆ ಒಟ್ಟಾಗಿ ಬೀಳುವ ಬಿಂದು) ಗುರುತ್ವಕೇಂದ್ರಕ್ಕಿಂತ ಮುಂದಿದ್ದರೆ ಮೂತಿ ಗಾಳಿ ತಳ್ಳಿದತ್ತ ತಿರುಗುತ್ತದೆ. 1938ರ ಜನವರಿ 28ರಂದು ವೇಗದ ದಾಖಲೆ ಯತ್ನದಲ್ಲಿ ಜರ್ಮನ್ ಚಾಲಕ ರೋಸ್‌ಮೇಯರ್ ಸತ್ತಾಗಲೂ ಅಡ್ಡಗಾಳಿಯ ಮಾತೇ ಬಂತು. ಇಂಥ ಕಾರಿನ ಪ್ರತಿಕೃತಿ ಕಟ್ಟುವವರು ಮೈಯ ಹಿಂಬದಿಗೆ 7–8 ಸೆಂ.ಮೀ. ಉಣ್ಣೆ ಎಳೆಗಳನ್ನು ಟೇಪಿನಲ್ಲಿ ಅಂಟಿಸಿ ಓಡಿಸಿ ನೋಡಿ. ಎಳೆ ಮೈಗೆ ಒರಗಿದ್ದರೆ ಸರಿ. ಹಿಂದುಮುಂದಾಗಿ ಕುಣಿದರೆ ಅಲ್ಲಿ ಗಾಳಿ ಮೈಯಿಂದ ಕಳಚಿದೆ, ಬಾಲದ ಇಳಿಜಾರು ತೀರಾ ಕಡಿದಾಯಿತು.